ಬೆಲ್ಲಕ್ಕೆ ಜಗ್ಗದ ಸೀಸ

“ದಿನಾ ಕೆಲ್ಸ ಬಿಟ್ಟ ಮೇಲೆ ಒಂದು ತುಂಡು ಬೆಲ್ಲ ತಿಂದ್ರೆ ಸಾಕು, ಒಳಗೆ ಸೇರಿರೋದೆಲ್ಲ ಆಚೆಗೆ ಒಂಟೋಗ್ತದೆ.” ಕೋರಮಂಡಲ್ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಗಳಲ್ಲಿ ಈ ಮಾತನ್ನು ಪ್ರಶ್ನಿಸಿದವರನ್ನು ನಾನು ಕಂಡಿಲ್ಲ. ಗಣಿಯಲ್ಲಿ ಉಸಿರಿನೊಡನೆ ಒಳಸೇರುವ ಕಲ್ಲುಧೂಳಿನ ವಿಷಯದಲ್ಲೇ ನನಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ನನ್ನ ಅಣ್ಣನಾದರೋ, ಎಂಬತ್ತರ ದಶಕದಲ್ಲಿ ಗಣಿ ಬಿಟ್ಟು ಬಂಗಾರಪೇಟೆಯಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡು ಹಾಕಿದಾಗ, ಆ ನಂಬಿಕೆಯನ್ನೂ ಜೊತೆಗೇ ತಂದ. ಸಂಜೆ ಒಲೆ ಆರಿಸಿ, ಬೂದುಬಣ್ಣದ ಪುಡಿ ಮೆತ್ತಿದ ಕೈಯಲ್ಲೇ ಬೆಲ್ಲ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಸೀಸ ಒಳಗೆ ಹೋಗುತ್ತಿದ್ದುದೇ ಆ ಮದ್ದಿನ ಜೊತೆ.

“ಕೈ ತೊಳ್ಕೊಂಡಾದ್ರೂ ತಿನ್ನಣ್ಣ” ಎಂದು ನಾನು ಎಲ್ಲೋ ಓದಿದ್ದನ್ನು ಹೇಳಿದರೆ, “ಪುಸ್ತಕ ತಿಂದ್ರೆ ಒಟ್ಟೆ ತುಂಬಲ್ಲ ಕಣ್ಲಾ, ಓಗು” ಎನ್ನುತ್ತಿದ್ದ.

ಕೆಲವು ವರ್ಷಗಳಲ್ಲಿ ಹೊಟ್ಟೆ ಹಿಂಡುವ ನೋವು ಹಿಡಿಯಿತು. ವೈದ್ಯರು ಬೆಂಗಳೂರಿಗೆ ರಕ್ತ ಕಳಿಸಿ, ಸೀಸ ಸೇರಿದೆ, ಶೆಡ್ಡಿನ ಕಡೆ ತಲೆ ಹಾಕಬೇಡ ಎಂದರು. ಅಣ್ಣ ಬೀಗ ಹಾಕಿದ. ವರ್ಷ ಕಳೆಯುವುದರೊಳಗೆ ನೋವು ನಿಂತಿತು. ಮರುಪರೀಕ್ಷೆಯಲ್ಲಿ ರಕ್ತದ ಸೀಸವೂ ಬಹಳ ಇಳಿದಿತ್ತು.

“ನೋಡಿದೇನ್ಲಾ? ಬೆಲ್ಲ ಎಲ್ಲಾನೂ ತೊಳೆದಾಕೈತೆ. ಬರೋ ತಿಂಗ್ಳು ಒಲೆ ಅಚ್ತೀನಿ.”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ರಕ್ತ ಬರಿಯ ದಾರಿ. ಸೀಸ ಅದರಲ್ಲಿ ಸಾಗಿ ಮೂಳೆ ಸೇರುತ್ತದೆ. ಸುಣ್ಣದಂಶ ಕೂರಬೇಕಾದ ಜಾಗದಲ್ಲಿ ತಾನು ಕೂತು ಹತ್ತಾರು ವರ್ಷ ಉಳಿಯುತ್ತದೆ. ದಾರಿ ಬರಿದಾದರೆ ಊರು ಬರಿದಾಯಿತೇ? ಎಂಟನೆಯ ತರಗತಿಗೇ ಶಾಲೆ ಬಿಟ್ಟ ನಾನು ಓದಿ ತಿಳಿದದ್ದನ್ನು ಹೇಳಹೋದರೆ, ಅತ್ತಿಗೆ, “ಎಂಟ್ನೇ ಕ್ಲಾಸ್ ಡಾಕ್ಟ್ರು ಬಂದವ್ರೆ, ಎಲ್ರೂ ಎದ್ದು ನಿಂತ್ಕಳಿ” ಎಂದು ನಕ್ಕರು.

ಒಲೆ ಹಚ್ಚುವ ಮೊದಲೇ ಅಣ್ಣ ಬೇತಮಂಗಲದಲ್ಲಿ ಬಸ್ಸಿಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸಿದರು. ಮಲಗಿದಲ್ಲೇ ಹಳೆಯ ಹೊಟ್ಟೆನೋವು ಮರಳಿತು. ಸೀಸ ಮುಟ್ಟಿ ವರ್ಷವಾಗಿತ್ತು. ಬೆಲ್ಲ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. ಅಲುಗದೆ ಮಲಗಿದವನ ಮೂಳೆ ಸವೆಯುತ್ತದೆ, ಸವೆದಂತೆ ತನ್ನಲ್ಲಿ ಕೂಡಿಟ್ಟದ್ದನ್ನು ರಕ್ತಕ್ಕೆ ಬಿಡುತ್ತದೆ. ವೈದ್ಯರೂ ಅದನ್ನೇ ಹೇಳಿದಾಗ ಅತ್ತಿಗೆ ನಗಲಿಲ್ಲ. ಅಣ್ಣ ಮನೆಗೆ ಬರುವಷ್ಟರಲ್ಲಿ ಶೆಡ್ಡಿನ ಒಲೆಯನ್ನು ಆಳು ಹಿಡಿದು ಕೆಡವಿಸಿದ್ದರು.

ಅವನು ಇಂದಿಗೂ ಒಪ್ಪುವುದಿಲ್ಲ. ಆ ನೋವು ಆಸ್ಪತ್ರೆಯ ಸಾರಿನಿಂದ ಬಂದದ್ದಂತೆ. ನನ್ನ ಮಾತಿನಲ್ಲಿ ಅನುಮಾನವಿದ್ದವರು ಅವನ ಮನೆಗೆ ಹೋಗಲಿ, ಜಗಲಿಯ ಮೇಲೇ ಕೂತಿರುತ್ತಾನೆ. ಕೇಳಿದರೆ ಬೈಯುತ್ತಲೇ ಕೆಳತುಟಿ ಎಳೆದು ತೋರಿಸುತ್ತಾನೆ. ಹಲ್ಲು ಕೂಡುವೆಡೆ, ಒಸಡಿನಂಚಿನಲ್ಲಿ, ಸೀಸ ಎಳೆದ ನೀಲಿ ಗೆರೆ ಇನ್ನೂ ಇದೆ.