ಅತ್ತೆಯ ಮಿಕ್ಸರ್

ಲಕ್ವ ಹೊಡೆದ ಮೇಲೆ ನನ್ನ ಅತ್ತೆ ಕಮಲಾಪುರದಿಂದ ಕಲಬುರಗಿಗೆ, ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಬಂದರು. ಬಲಗೈಯೂ ಬಾಯಿಯ ಒಂದು ಬದಿಯೂ ಸೋತಿದ್ದವು. ಬಟ್ಟೆಯ ಗಂಟಿನ ಜೊತೆಗೆ ಅವರು ಹಟ ಹಿಡಿದು ತಂದದ್ದು ತಮ್ಮ ಮಿಕ್ಸರ್. ಊರಲ್ಲಿ ಅವರೂ ಅವರ ತಂಗಿಯೂ ಅದರಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿ ಸಂತೆಯಲ್ಲಿ ಮಾರುತ್ತಿದ್ದರು. ನನ್ನ ಗಂಡ ಓದಿದ್ದು ಆ ದುಡಿಮೆಯಿಂದ.

ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಕೆಲಸ ಬಿತ್ತು. ಅತ್ತೆಗೆ ಅಗಿಯಲಾಗುತ್ತಿರಲಿಲ್ಲ. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ, ಪಲ್ಯ ಸೇರಿಸಿ, ನುಣ್ಣಗೆ ರುಬ್ಬಿ ಚಮಚದಿಂದ ತಿನ್ನಿಸಿ ನಾನು ಶಾಲೆಗೆ ಹೊರಡುತ್ತಿದ್ದೆ.

ಒಂದು ಮುಂಜಾನೆ ಮಿಕ್ಸರ್ ಗರ್ ಎಂದು ನಿಂತಿತು. ಹೊಗೆ ಬಂತು.

"ಏನವಾ, ಏನ ಸುಡಾಕತ್ತದ?" ಕೋಣೆಯಿಂದ ಅತ್ತೆ ಕೂಗಿದರು.

ಕಪನೂರಿನ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ನನ್ನ ಗಂಡ ಅದನ್ನು ಅಲ್ಲೇ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿ ಸಂಜೆ ವಾಪಸ್ ತಂದರು. "ಯವ್ವಾ, ಮೋಟರ್ ಪೂರಾ ಸುಟ್ಟದ. ಇದರ ಸಾಮಾನ ಈಗ ಎಲ್ಲೂ ಸಿಗಂಗಿಲ್ಲಂತ."

ಅತ್ತೆ ಎಡಗೈಯನ್ನು ಅದರ ಮೇಲಿಟ್ಟು ಅತ್ತರು. ಲಕ್ವ ಹೊಡೆದಾಗಲೂ ಅಳದ ಹೆಂಗಸು. "ನನ್ನ ಸಂಗಾಟ ದುಡದದ ಇದು," ಅಂದರು. ನಾನು ಪಕ್ಕದಲ್ಲಿ ಕುಳಿತೆ.

ಮರುದಿನ ರೊಟ್ಟಿಯನ್ನು ಬಿಸಿ ಬೇಳೆಯಲ್ಲಿ ಕೈಯಿಂದಲೇ ಹಿಸುಕಿದೆ. ಎಷ್ಟು ಹಿಸುಕಿದರೂ ಚೂರು ಉಳಿದವು. ನೀರಿನ ಲೋಟ ಹಿಡಿದು ಎದುರಿಗೇ ನಿಂತೆ. ಅತ್ತೆ ನಿಧಾನಕ್ಕೆ ಒಂದೇ ಬದಿಯಲ್ಲಿ ಅಗಿದರು, ನುಂಗಿದರು.

"ಗಂಟಲದಾಗ ಸಿಗತದೇನ್ರಿ ಅತ್ತಿ?"

"ಇಲ್ಲ ತಗಿ. ಇವತ್ತ ರುಚಿ ಹತ್ತಾಕತ್ತದ."

ಓಣಿಯ ಕ್ಲಿನಿಕ್ಕಿಗೆ ಕರೆದೊಯ್ದೆ. ನುಂಗುವ ಶಕ್ತಿ ಮರಳಿದೆ, ಅವಸರ ಮಾಡದೆ ಅಗಿಯಲಿ ಎಂದು ಡಾಕ್ಟರು ಹೇಳಿದರು. ಮನೆಗೆ ಬರುವಾಗ ಅತ್ತೆಯ ನಡಿಗೆಯೇ ಬೇರೆಯಾಗಿತ್ತು.

ಹೊಸ ಮಿಕ್ಸರ್ ತಾನೇ ತರುವೆನೆಂದು ನನ್ನ ಗಂಡ ಹೊರಟರೆ ಅತ್ತೆ ಬಿಡಲಿಲ್ಲ. "ನಿನಗೇನ ತಿಳೀತದ? ನಾವಿಬ್ಬರು ಹೋಗಿ ತರ್ತೀವಿ."

ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೋಗದಿದ್ದವರು ಹಳೆಯ ಮಿಕ್ಸರನ್ನೂ ಜೊತೆಗಿಟ್ಟುಕೊಂಡು ಆಟೊ ಹತ್ತಿ ಬಜಾರಿಗೆ ಬಂದರು. ಅಂಗಡಿಯಲ್ಲಿ ನನ್ನ ಚೀಲದಿಂದ ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರಪುಡಿ ತೆಗೆಸಿದರು. "ಇದನ್ನ ಹಾಕಿ ತಿರುವಿ ತೋರಸು."

"ಅಮ್ಮಾ, ಹೊಸ ಜಾರ್ ಅದರೀ. ಹಂಗೆಲ್ಲ ಹಾಕಾಕ ಬರಂಗಿಲ್ಲ."

"ಹಂಗಾದ್ರ ಬಾಜೂ ದುಕಾನಿಗಿ ಹೋಗ್ತೀವಿ ಬಿಡಪಾ."

ಅಂಗಡಿಯವನು ನಕ್ಕು, ಎಲ್ಲವನ್ನೂ ಜಾರಿಗೆ ಹಾಕಿ ತಿರುವಿದ. ಅತ್ತೆ ಚಿಟಿಕೆ ಬಾಯಿಗಿಟ್ಟು ತಲೆಯಾಡಿಸಿದರು. "ಇದು ಬರೇ ಹಿಟ್ಟ ಮಾಡ್ತದ. ಬ್ಯಾರೆ ತಗಿ." ಕೊನೆಗೆ ಒಂದರಲ್ಲಿ ಶೇಂಗಾ ತರಿತರಿಯಾಗಿ, ಎಣ್ಣೆ ಬಿಟ್ಟು ಬಂತು. ಅಷ್ಟರಲ್ಲಿ ಅಂಗಡಿಯವರೆಲ್ಲ ಹಿಂಡಿ ನೆಕ್ಕುತ್ತಿದ್ದರು. ಅಂಗಡಿಯವನು ಹಳೆಯದನ್ನು ಬದಲಿಗೆ ಕೇಳಿದಾಗ ಅತ್ತೆ ಅದನ್ನು ಸೆರಗಿನಿಂದ ಒರೆಸಿ ಕೊಟ್ಟುಬಿಟ್ಟರು.

ಆ ಭಾನುವಾರ ಹೊಸ ಮಿಕ್ಸರಿನೊಂದಿಗೆ ನಾವಿಬ್ಬರೂ ಕಮಲಾಪುರದ ಬಸ್ ಹತ್ತಿದೆವು. ತಂಗಿಯ ಜೊತೆ ಸ್ವಲ್ಪ ದಿನ ಇರುತ್ತೇನೆಂದು ಅತ್ತೆ ತಾವೇ ತೀರ್ಮಾನಿಸಿದ್ದರು. ಮಹಾಗಾಂವ ದಾಟುವಾಗ ತೊಗರಿ ಹೊಲಗಳನ್ನು ನೋಡುತ್ತ, ಈ ಸಲ ಬೆಳೆ ಹೇಗಿದೆ ಎಂದು ಪಕ್ಕದ ಸೀಟಿನವರನ್ನು ವಿಚಾರಿಸಿದರು. ತಂಗಿಯ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದ್ದೇ ತಡ, ಮಣೆ ಹಾಕಿಕೊಂಡು ಕುಳಿತರು. ತಂಗಿ ಗುಂಡಿ ತಿರುಗಿಸಬೇಕು, ಅಕ್ಕ ಹುಕುಂ ಕೊಡಬೇಕು: "ಹ್ಞಾಂ, ಬಂದ್ ಮಾಡು. ಸಾಕು."

ಸಂಜೆ ನಾನೊಬ್ಬಳೇ ಮರಳಿದೆ. ಎರಡು ದಿನ ಬಿಟ್ಟು ಅತ್ತೆಯ ಫೋನ್ ಬಂತು.

"ಯವ್ವಾ, ಇವತ್ತ ಒಣಾ ಕಟಕ ರೊಟ್ಟಿ ತಿಂದೀನಿ. ಭಾಳ ಹೊತ್ತ ಹಿಡೀತು. ಖರೆ, ಪೂರಾ ತಿಂದೀನಿ."