ವಿಠ್ಠಲನಿಲ್ಲದ ವಿಠ್ಠಲ ಗುಡಿ

ಮನೆಗೊಂದೇ ಮೊಬೈಲು, ಅದೂ ಅಪ್ಪನ ಅಂಗಿಯ ಕಿಸೆಯಲ್ಲಿ ಇರುತ್ತಿದ್ದ ಕಾಲ. ಆಗ ಮಹಾರಾಷ್ಟ್ರದ ಗಡಿಗಂಟಿದ ನಮ್ಮೂರು ಏಕಸಂಬಿಯವರಿಗೆ ಪ್ರವಾಸವೆಂದರೆ ಪಂಢರಪುರ, ಅಷ್ಟೇ. ಆಯಿಗೆ, ಅಂದರೆ ನನ್ನ ಅಪ್ಪನ ತಾಯಿಗೆ, ಬೇರೆ ಊರುಗಳು ಯಾಕಾದರೂ ಇವೆಯೋ ಎಂಬ ಅನುಮಾನವಿತ್ತು. ಭಜನಾ ಮೇಳದಲ್ಲಿ ಅವಳದೇ ದೊಡ್ಡ ದನಿ. ಒಂದು ಮರಾಠಿ ಅಭಂಗ, ಬೆನ್ನಿಗೇ ಒಂದು ಕನ್ನಡದ ದಾಸರ ಪದ. ಎರಡೂ ವಿಠ್ಠಲನಿಗೇ. ನಾನು ಐದನೆಯ ತರಗತಿಯಲ್ಲಿದ್ದಾಗಿನ ದೀಪಾವಳಿ ಸೂಟಿಯಲ್ಲಿ, ದಾಸರು ಹಾಡಿದ ಹಂಪಿಯಲ್ಲಿ ವಿಠ್ಠಲನ ದೊಡ್ಡ ಗುಡಿ ಇದೆಯೆಂದು ಅಪ್ಪ ಹೇಳಿದ್ದೇ ತಡ, ಆಯಿ ಸೀರೆ ಮಡಚಿಟ್ಟಳು.

ಕ್ರೂಸರ್ ಗಾಡಿಯ ತುಂಬ ದಪಾಟಿ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ. ನಾವು ಮಕ್ಕಳು ಅಂತ್ಯಾಕ್ಷರಿ ಆಡುತ್ತ, ದಾರಿಯುದ್ದಕ್ಕೂ ಬಾಯಾಡಿಸುತ್ತಿದ್ದೆವು. ಆಯಿ ಮಾತ್ರ ಹೊರಟಾಗಿನಿಂದ ಬರೀ ನೀರು ಕುಡಿದಿದ್ದಳು.

"ಆಯಿ, ಒಂದ್ ತುಂಡರ ತಿನ್ನ ಬೇ," ಅಂದೆ.

"ವಿಠ್ಠಲನ ಪಾದಕ್ಕ ಹಣಿ ಹಚ್ಚಿದ ಮ್ಯಾಲ ತಿಂತೀನಿ. ನೀವ್ ತಿನ್ರಿ."

ಪಂಢರಪುರದಲ್ಲಿ ಯಾರು ಬೇಕಾದರೂ ದೇವರ ಪಾದಕ್ಕೆ ಹಣೆ ಹಚ್ಚಬಹುದು. ಅದನ್ನು ಬಿಟ್ಟು ಬೇರೆ ದರ್ಶನ ಅವಳಿಗೆ ಗೊತ್ತೇ ಇರಲಿಲ್ಲ.

ಹಂಪಿಯಲ್ಲಿ ಜನ ಕಲ್ಲಿನ ರಥದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಯಿ ಅತ್ತ ತಿರುಗಿಯೂ ನೋಡಲಿಲ್ಲ. ತುಳಸಿ ಮಾಲೆ ಹಿಡಿದು, ನನ್ನ ಕೈ ಎಳೆದುಕೊಂಡು ಸೀದಾ ಗರ್ಭಗುಡಿಗೆ ನಡೆದಳು.

ಒಳಗೆ ಏನೂ ಇರಲಿಲ್ಲ. ದೀಪವಿಲ್ಲ, ಹೂವಿಲ್ಲ, ಬಾವಲಿಯ ಕಮಟು ವಾಸನೆಯೊಂದೇ. ದೇವರಿಲ್ಲದ ಗುಡಿಯೂ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಆಯಿ ಬಗ್ಗಿ ಎರಡೂ ಕೈಯಿಂದ ಕತ್ತಲಲ್ಲಿ ನೆಲ ತಡವತೊಡಗಿದಳು. ಅವಳು ಪಾದ ಹುಡುಕುತ್ತಿದ್ದಾಳೆಂದು ತಿಳಿದಾಗ ನನಗೆ ಅಳುವೇ ಬಂತು.

"ವಿಠ್ಠಲ ಎಲ್ಲಿ ಅದಾನ್ರಿ?" ಎಂದು ಕಾವಲುಗಾರನನ್ನು ಕೇಳಿದಳು.

"ಇಲ್ಲಿ ದೇವ್ರಿಲ್ಲಮ್ಮ. ಊರು ಹಾಳಾದಾಗಿಂದ ಖಾಲಿನೇ," ಎಂದು ಅವನು ನಕ್ಕ.

ಹಿಂದಿನಿಂದ ಬಂದ ಅಪ್ಪ ಸಮಾಧಾನ ಹೇಳಿದರು. "ಅವಾ ನಮ್ಮ ಪಂಢರಪುರಕ್ಕ ಹೋಗ್ಯಾನಂತ ಬೇ ಯವ್ವಾ."

"ಹಂಗಂದ್ರ ದಾಸರ ಪದಾ ಕೇಳಾಕ ಇಲ್ಲಿ ಯಾರೂ ಉಳದಿಲ್ಲೇನ?"

ಆಮೇಲೆ ಆಯಿ ಮಾಡಿದ್ದು ನಮ್ಮನ್ನು ದಂಗುಬಡಿಸಿತು. ಹೊಸ್ತಿಲ ಬಳಿ ಕುಳಿತು, ನನ್ನ ಅವ್ವನ ಕೈಯಲ್ಲಿದ್ದ ಬುತ್ತಿ ಇಸಿದುಕೊಂಡು ಬಿಚ್ಚಿದಳು. "ಪಾದಾ ಇಲ್ಲಂದ ಮ್ಯಾಲ ಉಪಾಸ ಯಾರ ಸಲುವಾಗಿ?" ಎಂದು ದಪಾಟಿ ಮುರಿದು ಬಾಯಿಗಿಟ್ಟಳು. ಅಗಿಯುತ್ತಿದ್ದಳು, ಕಣ್ಣೀರು ಇಳಿಯುತ್ತಿತ್ತು. ಆಯಿ ನೇಮ ಮುರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಮಗೂ ಒಂದೊಂದು ತುಂಡು ಕೊಟ್ಟಳು.

ಮುಂದೆ ನಾನು ಚಿಕ್ಕೋಡಿಯಲ್ಲಿ ಟೀಚರಾದೆ. ಆಯಿ ತೀರಿಕೊಂಡ ಮರುವರ್ಷ ಶಾಲೆಯ ಮಕ್ಕಳನ್ನು ಅದೇ ಗುಡಿಗೆ ಕರೆದುಕೊಂಡು ಹೋದೆ. ಮಕ್ಕಳು ರಥ ನೋಡಿದರು, ಕಂಬ ನೋಡಿದರು, ಸೆಲ್ಫಿ ತೆಗೆದುಕೊಂಡರು, ನಗುತ್ತ ಬಸ್ಸಿನ ಕಡೆ ಓಡಿದರು. ನಾನು ಮಾತ್ರ ಗುಡಿಯ ಮೆಟ್ಟಿಲ ಬಳಿಯೇ ನಿಂತಿದ್ದೆ. ಒಂದಾದರೂ ಮಗು ಹಿಂದಿರುಗಿ ಬಂದು, ದೇವರೆಲ್ಲಿ ಎಂದು ಕೇಳೀತೆಂದು ಕಾದೆ. ಯಾರೂ ಕೇಳಲಿಲ್ಲ.