ತೊಗಲಿನ ತೂತು ನೋಡಿ ಹೇಳಿದ ಮಾತು

ಹುನ್ನೂರಿನ ಕುರುಬರ ಓಣಿಯಲ್ಲಿ ಸಿದರಾಯ ಎಂದು ಕೂಗಿದರೆ ನಾಲ್ಕು ಮಂದಿ ತಿರುಗಿ ನೋಡುತ್ತಿದ್ದರು. ಕಾಡತೂಸ, ಅಂದರೆ ಬಂದೂಕಿನ ತೋಟಾ, ಸಿದರಾಯ ಎಂದರೆ ಮಾತ್ರ ಒಬ್ಬನೇ. ಜಮಖಂಡಿ ಸಂಸ್ಥಾನದ ಶಿಕಾರಖಾನೆಯಲ್ಲಿ ಹದಿನೆಂಟು ವರ್ಷ ಚಾಕರಿ ಮಾಡಿದವನು. ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿದ ಮೇಲೆ ಬಂದೂಕುಗಳು ಎಲ್ಲೆಲ್ಲಿಗೋ ಹೋದವು, ಸಿದರಾಯ ಊರಿಗೆ ಬಂದ. ಬರುವಾಗ ತಂದದ್ದು ಒಂದು ಹಳೆಯ ಖಾಕಿ ಕೋಟು ಮತ್ತು ಎಷ್ಟು ಆಡಿದರೂ ಮುಗಿಯದ ಮಾತು.

ಬೀರೇಶ್ವರ ಗುಡಿಯ ಕಟ್ಟೆಗೆ ಕೂತನೆಂದರೆ ರೈಫಲ್ಲುಗಳ ನಂಬರಿನ ಮಾತು ಶುರು.

"ಮುನ್ನೂರಾ ಹದಿನೆಂಟು ಅಂದ್ರ ದಬ್ಬಣ ಇದ್ದಂಗ. ಸಣ್ಣದು, ಉದ್ದಂದು, ಹೊಕ್ಕಿತಂದ್ರ ನೆಟ್ಟಗ ಹೋಗತೈತಿ. ಮುನ್ನೂರಾ ಎಪ್ಪತ್ತೈದು ಅಂದ್ರ ಹಾರಿ. ಕಾಡಕೋಣನೂ ಮೊಣಕಾಲ ಊರತೈತಿ, ಖರೆ ಹೊಡದವನ ಹೆಗಲೂ ಬಾತಿರತೈತಿ. ಜರ್ಮನಿ ಮೌಸರಿನ ಒಂಬತ್ತು ಪಾಯಿಂಟ ಮೂರು ಇವೆರಡರ ನಡುವಿಂದು. ಕೆಲಸ ಎಪ್ಪತ್ತೈದರದ, ಡೌಲು ಕಡಿಮಿ."

ಆಮೇಲೆ ಗುಂಡಿನ ಮೂತಿಯ ಮಾತು ಬರುತ್ತಿತ್ತು. ಸೀಸದ ಮೂತಿಯ ಗುಂಡೆಂದರೆ ಅವನಿಗೆ ಆಗದು. ಅದು ಪ್ರಾಣಿಯ ಒಳಗೆ ಹೋಗಿ ಅರಳಿ, ಮೈಯನ್ನೆಲ್ಲ ಹರಿದುಹಾಕಿ ಅಲ್ಲೇ ಉಳಿಯುತ್ತದೆ. ತಾಮ್ರ ಹೊದ್ದ ಗಟ್ಟಿ ಮೂತಿಯದು ಹಾಗಲ್ಲ, ಈ ಕಡೆ ಬಟಾಣಿಯಷ್ಟು ತೂತು, ಆ ಕಡೆಯೂ ಬಟಾಣಿಯಷ್ಟೇ ತೂತು. "ಆರಪಾರ!" ಎಂದು ಅವನು ಗಾಳಿಯಲ್ಲಿ ಬೆರಳು ಚುಚ್ಚಿ ತೋರಿಸುವಾಗ ಕೇಳಿದವರ ಕಣ್ಣು ಅರಳುತ್ತಿತ್ತು. ಈತ ಎಷ್ಟು ಹುಲಿ ಕೆಡವಿರಬೇಕೋ ಎಂದು ಜನ ಅಂದುಕೊಂಡರು. ಸಿದರಾಯ ಹೌದೆನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಅಲ್ಲ ಎನ್ನಬೇಕಾಗಿತ್ತು. ಶಿಕಾರಖಾನೆಯಲ್ಲಿ ಅವನ ಕೆಲಸ ತೊಗಲು ಸುಲಿಯುವುದು, ಉಪ್ಪು ಹಚ್ಚುವುದು, ತೂತಿದ್ದಲ್ಲಿ ಹೊಲಿಯುವುದು. ಹದಿನೆಂಟು ವರ್ಷದಲ್ಲಿ ಒಂದೇ ಒಂದು ಗುಂಡನ್ನೂ ಅವನು ಹಾರಿಸಿದವನಲ್ಲ. ಯಾವ ಕಾಡತೂಸು ಹೇಗೆ ಎಂಬುದನ್ನೆಲ್ಲ ತೊಗಲಿನ ತೂತು ನೋಡಿ ಕಲಿತವನು. ತನಗೆ ಹೊಲಿಗೆ ಯಾವುದು ಕಡಿಮೆ ಕೊಡುತ್ತದೋ ಅದು ಒಳ್ಳೆಯ ಕಾಡತೂಸು, ಅಷ್ಟೇ ಅವನ ಶಾಸ್ತ್ರ. ಪ್ರಾಣಿಯ ಹಿಂದೆ ಯಾರು ನಿಂತಿದ್ದರೆಂದು ತೊಗಲು ಹೇಳುವುದಿಲ್ಲ.

ಐವತ್ತೆರಡನೆಯ ಇಸವಿಯ ಚಳಿಗಾಲ. ರಬಕವಿಯ ಸೀರೆ ವ್ಯಾಪಾರಿ ಅಪ್ಪಾಸಾಬರು ಲೈಸೆನ್ಸು ಮಾಡಿಸಿ ಹಳೆಯ ಎರಡು ರೈಫಲ್ ಕೊಂಡಿದ್ದರು, ಒಂದು ಮುನ್ನೂರ ಹದಿನೆಂಟು, ಇನ್ನೊಂದು ಮುನ್ನೂರ ಎಪ್ಪತ್ತೈದು. ಹೊಳೆದಂಡೆಯ ಅವರ ಕಬ್ಬಿಗೆ ಕಾಡುಹಂದಿ ಬಿದ್ದಿತ್ತು. ಕಬ್ಬಿನಲ್ಲಿ ಸಾಲಾಗಿ ನಿಂತು ಡಬ್ಬ ಬಡಿದು ಹಂದಿ ಎಬ್ಬಿಸಲು ಹುನ್ನೂರಿನಿಂದ ಹತ್ತು ಜನ ಹೋದರು. ಬಂದೂಕು ಬಲ್ಲವನೆಂದು ಸಿದರಾಯನನ್ನೂ ಕರೆಸಿದ್ದರು. ಆ ಹತ್ತು ಜನರಲ್ಲಿ ಗಿರಮಲ್ಲಪ್ಪನೂ ಇದ್ದ. ಸಿದರಾಯನೂ ಅವನೂ ಚಡ್ಡಿ ಹಾಕುವ ಮೊದಲಿಂದ ಜೊತೆಯಲ್ಲಿ ಕುರಿ ಕಾಯ್ದವರು. ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ಗಿರಮಲ್ಲಪ್ಪನ ಬಲಗೈಗೆ ತೇರದಾಳದವರೆಗೂ ಹೆಸರಿತ್ತು.

ಅಪ್ಪಾಸಾಬರು ಎರಡೂ ರೈಫಲ್ ಕಂಬಳಿಯ ಮೇಲಿಟ್ಟು ಕೇಳಿದರು. "ಸಿದರಾಯಾ, ನೀ ಬಲ್ಲವ. ಯಾವುದು ತಗೋಲಿ? ಯಾವ ಗುಂಡು ಹಾಕಲಿ?"

ಹತ್ತು ಜನರೆದುರು ರಬಕವಿಯ ಸಾವಕಾರರು ಕೇಳಿದ್ದಾರೆ. ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳೀತೆ?

"ಹದಿನೆಂಟು ತಗೋರಿ. ಗಟ್ಟಿ ಮೂತಿದ ಹಾಕ್ರಿ. ತೊಗಲ ಕೆಡೂದಿಲ್ಲ."

ಹಂದಿಯ ತೊಗಲು ಯಾರಿಗೆ ಬೇಕಾಗಿತ್ತು, ಮಾರಾಯ! ಆದರೆ ಬಾಯಿಗೆ ರೂಢಿಯಾದ ಮಾತು, ಬಂದುಬಿಟ್ಟಿತು.

ಡಬ್ಬದ ಸಪ್ಪಳಕ್ಕೆ ಹಂದಿ ಕಬ್ಬಿನಿಂದ ಹೊರಬಿದ್ದು ಬದುವಿನ ಗುಂಟ ಓಡಿತು. ಸಿದರಾಯ ಅಪ್ಪಾಸಾಬರ ಮಗ್ಗುಲಿಗೇ ನಿಂತಿದ್ದ. ಹಂದಿಯ ಆಚೆ, ಕಬ್ಬಿನ ಅಂಚಿಗೆ, ಗಿರಮಲ್ಲಪ್ಪನ ತಲೆಯ ಕೆಂಪು ಪಟಕಾ ಅವನಿಗೆ ಕಂಡಿತು. ಎಲ್ಲಿ ನಿಲ್ಲು ಎಂದಿದ್ದರೋ ಅಲ್ಲೇ, ಸಾಲಿನಲ್ಲೇ ಇತ್ತು. ಗುಂಡು ಹಂದಿಯಲ್ಲೇ ನಿಲ್ಲುವುದಿಲ್ಲ ಎಂಬ ವಿಚಾರ ಅವನ ತಲೆಗೆ ಬರುವಷ್ಟರಲ್ಲಿ ಬಾಯಿ "ಹೊಡೀರಿ!" ಎಂದಿತ್ತು. ಗುಂಡು ಹಂದಿಯನ್ನು ಆರಪಾರ ದಾಟಿ ಗಿರಮಲ್ಲಪ್ಪನ ಬಲ ಮೊಣಕೈ ಒಡೆಯಿತು. ಮಿರಜಿನ ಆಸ್ಪತ್ರೆಗೆ ಒಯ್ದರು. ಮೊಣಕೈಯಿಂದ ಕೆಳಗೆ ಕೈ ಉಳಿಯಲಿಲ್ಲ.

ಪಂಚನಾಮೆಯ ದಿನ ಅಪ್ಪಾಸಾಬರ ಮುಖ ಬೆಳ್ಳಗಾಗಿತ್ತು. ಆ ಮನುಷ್ಯ ಕೆಟ್ಟವನಲ್ಲ, ಹೆದರಿದ್ದ. "ಏನ ತಪ್ಪಾತು ಅನ್ನೋದು ನನಗ ತಿಳೀವಲ್ದು, ಸಿದರಾಯನ್ನ ಕೇಳ್ರಿ" ಎಂದುಬಿಟ್ಟರು. ಬರೆದುಕೊಳ್ಳುವವರು ಸಿದರಾಯನ ಕಡೆ ತಿರುಗಿದರು. ಓಣಿಯ ಜನವೆಲ್ಲ ನೋಡುತ್ತಿತ್ತು. ಗುಂಡು ನಾನೇ ಆರಿಸಿದ್ದು, ಆರಿಸಲು ನನಗೆ ಬರುತ್ತಿರಲಿಲ್ಲ ಎಂದರೆ ಹದಿನೆಂಟು ವರ್ಷದ ಹೆಸರು ಅಲ್ಲೇ ಮಣ್ಣುಪಾಲು.

"ಗಿರಮಲ್ಲ ಸಾಲ ಬಿಟ್ಟ ಮುಂದ ಬಂದಿದ್ದಾ ರೀ" ಎಂದ.

ಹೆಬ್ಬೆಟ್ಟು ಒತ್ತಿ ಮನೆಗೆ ಬಂದ. ಹೆಂಡತಿ ಲಗಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಖರೇನ ಮುಂದ ಬಂದಿದ್ನೇನ್ರೀ?" ಎಂದು ಕೇಳಿದಳು. "ನಾ ಕಣ್ಣಾರೆ ಕಂಡೇನಿ, ನನಗ ಕೇಳತಿ?" ಎಂದು ಹರಿಹಾಯ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ಅವನದು. ಲಗಮವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಅಂದಿನಿಂದ ಅವನಿಗೆ ಗುಡಿಯ ಕಟ್ಟೆ ಏರಲು ನಾಚಿಕೆ. ಗಿರಮಲ್ಲಪ್ಪನ ಮನೆಯ ಮುಂದೆ ಹಾಯಬೇಕಾಗುತ್ತದೆಂದು ಊರು ಸುತ್ತಿ ಬಾವಿಗೆ ಹೋಗುತ್ತಿದ್ದ. ಉಂಡ ಅನ್ನ ಮೈಗೆ ಹತ್ತಲಿಲ್ಲ.

ಮುಂದಿನ ವರ್ಷ ಉಣ್ಣೆ ಕತ್ತರಿಸುವ ದಿನ ಮಾತ್ರ ತಪ್ಪಿಸಿಕೊಳ್ಳಲು ಆಗಲಿಲ್ಲ. ಆ ದಿನ ಓಣಿಯ ಕುರಿಯೆಲ್ಲ ಒಂದೇ ದೊಡ್ಡಿಗೆ ಬರುತ್ತವೆ, ಒಬ್ಬರ ಕುರಿ ಇನ್ನೊಬ್ಬರು ಕತ್ತರಿಸಿ ಕೊಡುವುದು ಪದ್ಧತಿ. ಗಿರಮಲ್ಲಪ್ಪ ಒಂದು ಕಡೆ ಕೂತು ಎಡಗೈಯಿಂದ ಉಣ್ಣೆ ಗುಡ್ಡೆ ಹಾಕುತ್ತಿದ್ದ. ಅವನು ಒಂದು ಎಳೆ ಬಿಟ್ಟರೆ ಸಾಕು, ಮುದಕಪ್ಪ ಎಂಬ ಚಾಷ್ಟಿಯ ಮುದುಕ "ಸಾಲ ಬಿಟ್ಟಾಂವಗ ಎಳಿ ಬಿಡೂದ ಏನ ದೊಡ್ಡದು" ಎಂದು ನಗಿಸುತ್ತಿದ್ದ. ಗಿರಮಲ್ಲಪ್ಪನೂ ನಗುತ್ತಿದ್ದ. ಸಿದರಾಯನನ್ನು ಕಂಡು ಅವನೇ ಕರೆದ.

"ಬಾರಲೇ ದೋಸ್ತ. ಸಿಟ್ಟಾಗಿ ಏನ? ವರ್ಷಾತು, ನಮ್ಮ ಮನಿ ಕಡೆ ಹಾಯವಲ್ಲಿ." ದನಿ ತಗ್ಗಿಸಿದ. "ನಾ ಸಾಲ ಬಿಟ್ಟದ್ದು ನನಗ ನೆನಪ ಆಗವಲ್ದು ನೋಡು. ಎಷ್ಟ ತಲಿ ಕೆರಕೊಂಡ್ರೂ ಕಬ್ಬಿನ ಅಂಚಿಗೇ ಸಾಲಿನ್ಯಾಗ ನಿಂತಂಗ ಆಗತೈತಿ. ಆದ್ರ ನೀ ಹೇಳಿದಿ ಅಂದ ಮ್ಯಾಲ ಬಿಟ್ಟಿರಬೇಕು. ನನ್ನ ಹುಚ್ಚಗೇಡಿತನದಿಂದ ಸಾವಕಾರರ ಮುಂದ ನಿನ್ನ ಮಾನ ಹೋತು. ಮನಸಿನ್ಯಾಗ ಇಟಗೋಬ್ಯಾಡಪಾ."

ಸಿದರಾಯನಿಗೆ ಭೂಮಿ ಬಾಯ್ದೆರೆದರೆ ಸಾಕೆನಿಸಿತು. ಕೈ ಕಳೆದುಕೊಂಡವನು ತನ್ನ ಕ್ಷಮೆ ಬೇಡುತ್ತಿದ್ದಾನೆ. ಸಿದರಾಯ ದೊಡ್ಡಿಯ ನಡುವೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ.

"ಗಿರಮಲ್ಲ ಸಾಲ ಬಿಟ್ಟಿರಲಿಲ್ಲ. ನಾ ಸುಳ್ಳ ಹೇಳಿದೆ. ಗಟ್ಟಿ ಗುಂಡ ಹಾಕ್ರಿ ಅಂದಾಂವ ನಾನ, ಹೊಡೀರಿ ಅಂದಾಂವ ನಾನ. ನಾ ಶಿಕಾರಿ ಅಲ್ಲ. ತೊಗಲ ಸುಲಿಯಾಂವ. ಒಂದ ಗುಂಡೂ ಹೊಡದಾಂವ ಅಲ್ಲ."

ಕತ್ತರಿಗಳ ಸಪ್ಪಳ ನಿಂತಿತು. ಗಿರಮಲ್ಲಪ್ಪ ಕೈಯಲ್ಲಿದ್ದ ಉಣ್ಣೆ ಗುಡ್ಡೆಗೆ ಹಾಕಿ ಅವನ ಕಡೆ ತಿರುಗಿದ.

"ನೀ ಗುಂಡ ಹೊಡದಾಂವ ಅಲ್ಲ ಅನ್ನೂದು ನನಗ ಮೊದಲಿಂದ ಗೊತ್ತಿತ್ತಲೇ" ಎಂದ. "ಸಣ್ಣಂದಿನಿಂದ ಕಂಡೇನಿ, ಕುರಿ ಕೊಯ್ಯೂ ಮುಂದ ಮುಖಾ ತಿರುವಾಂವ ನೀ. ದೋಸ್ತ ದೊಡ್ಡಮನಸ್ಯಾ ಆಗ್ಯಾನ, ಆಗಲಿ ಅಂತ ಯಾರಿಗೂ ಹೇಳಿರಲಿಲ್ಲ. ಕೈ ಹೋಗಿದ್ದಕ್ಕ ನಿನ್ನ ಮ್ಯಾಲ ನನಗ ಸಿಟ್ಟ ಇಲ್ಲ. ಆದ್ರ ಒಂದ ವರ್ಷ ಪೂರಾ ನನ್ನ ನೆನಪನ್ನ ನಾನ ನಂಬಲಿಲ್ಲಲ್ಲೋ, ನಿನ್ನ ನಂಬಿ."

ಅಷ್ಟೊತ್ತಿಗೆ ಗಿರಮಲ್ಲಪ್ಪನ ಕುರಿಗಳ ಪಾಳಿ ಬಂದಿತು. ಸಿದರಾಯ ಕಣ್ಣೊರೆಸಿಕೊಂಡು, ತಾನು ಕತ್ತರಿಸಿ ಕೊಡುತ್ತೇನೆಂದು ಕೈ ಚಾಚಿದ. ಗಿರಮಲ್ಲಪ್ಪ ತನ್ನ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಒಂದು ಗಳಿಗೆ ನಿಂತ. ಆಮೇಲೆ ಅದನ್ನು ಮುದಕಪ್ಪನಿಗೆ ಕೊಟ್ಟ.